ನಿದ್ರೆಯು ಯಾರ ಸ್ವತ್ತು?

ನಮ್ಮ ಹಳ್ಳಿಗಳ ತರುಣರಲ್ಲಿ ಅನೇಕರು ಈಗ ದೂರದಾರಿಯ ಲಾರಿಗಳನ್ನು ನಡಿಸುವದಕ್ಕೆ ಹೋಗುತ್ತಿರುವದನ್ನು ನಾವೆಲ್ಲರೂ ಬಲ್ಲೆವು. ಒಬ್ಬನು ಬೆಂಗಳೂರಿಂದ ಮುಂಬಯಿಗೆ ಕಬ್ಬಿಣವನ್ನು ಒಯ್ಯುತ್ತಾನೆ. ಇನ್ನೊಬ್ಬನು ಕೋಲಾರದ ಟೊಮೆಟೊವನ್ನು ಉತ್ತರ ದೇಶಕ್ಕೆ ಮುಟ್ಟಿಸುತ್ತಾನೆ. ಮತ್ತೊಬ್ಬನು ಮಲ್ಪೆಯ ಮೀನನ್ನು ರಾತ್ರಿಯಲ್ಲಿ ಘಟ್ಟ ಹತ್ತಿಸುತ್ತಾನೆ. ಇದು ಮಾನವುಳ್ಳ ಕೆಲಸ. ಆದರೆ ಈ ಕೆಲಸಕ್ಕೆ ಹೊಸದಾಗಿ ಸೇರಿದವನು ಮೊದಲನೆಯ ತಿಂಗಳಲ್ಲಿಯೇ ಎದುರಿಸಬೇಕಾದ ಒಂದು ಪ್ರಶ್ನೆಯುಂಟು. ಎಂಟರ ಆಕಾರದಲ್ಲಿ ಗಾಡಿಯನ್ನು ತಿರುಗಿಸಿ ತೋರಿಸುವ ಪರೀಕ್ಷೆಯಿಂದ ಅದಕ್ಕೆ ಉತ್ತರ ಸಿಕ್ಕುವದಿಲ್ಲ.

ರಾತ್ರಿ ಮೂರು ಗಂಟೆಯಾಗಿದೆ. ಬೆಳಗಾಗುವದರೊಳಗೆ ಸರಕು ಇಳಿಯಬೇಕೆಂದು ಧಣಿಯು ಹೇಳಿ ಕಳುಹಿಸಿದ್ದಾನೆ. ಇವನೂ ಆಗಲೆಂದು ಒಪ್ಪಿಕೊಂಡಿದ್ದಾನೆ. ಈಗ ಕಣ್ಣು ತಾನಾಗಿಯೇ ಮುಚ್ಚುತ್ತದೆ. ಗಾಡಿಯನ್ನು ನಿಲ್ಲಿಸಿದರೆ ಕೊಟ್ಟ ಮಾತಿಗೆ ತಪ್ಪಿದ ಹಾಗಾಯಿತು, ಭತ್ತೆಯಲ್ಲಿ ಕಡಿತವಾದರೂ ಆದೀತು. ನಡಿಸಿದರೋ? ನಂಬಿಗಸ್ತನಾದ ಆಳು ಇಲ್ಲಿ ಏನು ಮಾಡತಕ್ಕದ್ದು?

ದಣಿವನ್ನು ತಾಳಿಕೊಳ್ಳುವದು ಸದ್ಗುಣವೆಂದು ನಾವು ಚಿಕ್ಕಂದಿನಿಂದ ಕಲಿತವರು. ಕಾಡುಹಂದಿಯ ಕಾಟಕ್ಕಾಗಿ ಅಟ್ಟಣೆಯ ಮೇಲೆ ರಾತ್ರಿಯೆಲ್ಲಾ ಕೂತಿರುವ ಒಕ್ಕಲಿಗನನ್ನು ಹೊಗಳುತ್ತೇವೆ. ಜ್ವರದ ಕೂಸಿನ ಬಳಿಯಲ್ಲಿ ಮೂರು ರಾತ್ರಿ ಕಣ್ಣು ಮುಚ್ಚದ ತಾಯಿಯನ್ನು ಹೊಗಳುತ್ತೇವೆ. ಹಾಗಾದರೆ ನಿದ್ದೆಗೆಟ್ಟು ಸರಕು ಮುಟ್ಟಿಸುವ ಲಾರಿಯವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಬೇಕಲ್ಲವೋ ಎಂದು ಯಾರಾದರೂ ಕೇಳಬಹುದು. ನಿಲ್ಲಿಸಕೂಡದೆಂಬದೇ ನಮ್ಮ ಅಭಿಪ್ರಾಯ. ಯಾಕಂದರೆ ಅಟ್ಟಣೆಯ ಮೇಲಿನವನು ತೂಕಡಿಸಿದರೆ ಅವನ ರಾಗಿ ಹೋದೀತು. ಆ ನಷ್ಟಕ್ಕೆ ಅವನೇ ಯಜಮಾನನು. ಲಾರಿಯವನು ತೂಕಡಿಸಿದರೆ ಹೋಗುವದು ಮುಂದೆ ಸೈಕಲ್ಲಿನಲ್ಲಿ ಹಾಲು ಒಯ್ಯುವವನ ಜೀವ. ಆ ಹಾಲಿನವನು ಧಣಿಯ ಸಂಗಡ ಯಾವ ಕರಾರನ್ನೂ ಮಾಡಿಕೊಂಡವನಲ್ಲ. ತನ್ನ ದೇಹವನ್ನು ದಣಿಸುವ ಹಕ್ಕು ಒಬ್ಬನಿಗೆ ಇದ್ದರೂ ಇರಬಹುದು. ದಣಿದ ದೇಹವನ್ನು ಇಪ್ಪತ್ತೈದು ಟನ್ ಭಾರದ ಹಿಂದೆ ಕೂರಿಸಿ ಜನರ ನಡುವೆ ಓಡಿಸುವ ಹಕ್ಕು ಅದರಿಂದ ಹುಟ್ಟುವದಿಲ್ಲ. ಹೀಗಿರುವದರಿಂದ ಚಾಲಕನ ನಿದ್ರೆಯು ಅವನೊಬ್ಬನದೇ ಸ್ವತ್ತಲ್ಲ, ಧಣಿಯ ಸ್ವತ್ತು ಮೊದಲೇ ಅಲ್ಲ. ಅದರಲ್ಲಿ ದಾರಿಯವರೆಲ್ಲರಿಗೂ ಪಾಲುಂಟು. ಪಾಲುಗಾರರನ್ನು ಕೇಳದೆ ಅದನ್ನು ಮಾರುವದು ಹ್ಯಾಗೆ?

ಲೆಕ್ಕವನ್ನೂ ನೋಡೋಣ. ತಾಸಿಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಲಾರಿಯು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದಕ್ಕೆ ಹೋಗುತ್ತದೆ. ನಾಲ್ಕು ಸೆಕೆಂಡು ರೆಪ್ಪೆ ಮುಚ್ಚಿತೆಂದರೆ 65 ಮೀಟರಿಗೂ ಹೆಚ್ಚಿನ ದಾರಿಯನ್ನು ಅದು ಯಾರೂ ನಡಿಸದೆ ಓಡಿದ ಹಾಗಾಯಿತು. ಇನ್ನೊಂದು ಸಂಗತಿ. ಹದಿನೇಳು ತಾಸು ಬಿಡದೆ ಎಚ್ಚರವಾಗಿದ್ದವನ ಕೈಕಣ್ಣುಗಳ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿರುವವನ ಚುರುಕಿನ ಮಟ್ಟಕ್ಕೆ ಇಳಿಯುತ್ತದೆಂದು ಆಸ್ಟ್ರೇಲಿಯ ದೇಶದ ಇಬ್ಬರು ಸಂಶೋಧಕರು 1997ರಲ್ಲಿ ಪ್ರಕಟಿಸಿದರು. ನಮ್ಮ ದೇಶದ ಮೋಟಾರು ಕಾನೂನು ಹಿಡಿಯುವ ಮಿತಿಯು 30 ಮಿಲಿಗ್ರಾಂ ಮಾತ್ರ. ಕುಡಿದು ಗಾಡಿ ನಡಿಸುವವನನ್ನು ಸಭೆಯಲ್ಲಿಯೂ ಊರಿನಲ್ಲಿಯೂ ಎಲ್ಲರೂ ಛೀ ಅನ್ನುತ್ತಾರೆ. ಒಂದು ತೊಟ್ಟನ್ನೂ ಮುಟ್ಟದೆ ಅವನಿಗಿಂತ ಹೆಚ್ಚು ಮಂಕಾಗಿ ಕೂತವನನ್ನೋ, ಕಷ್ಟಸಹಿಷ್ಣು ಎಂದು ಬೆನ್ನು ತಟ್ಟುತ್ತಾರೆ!

“ನನಗೆ ನಿದ್ದೆ ಬಂದರೆ ನನಗೇ ತಿಳಿಯುತ್ತದೆ, ಆಗ ನಿಲ್ಲಿಸುತ್ತೇನೆ” ಎಂದು ಹೊಸಬರು ಹೇಳುವದುಂಟು. ಈ ಮಾತಿನೊಳಗೇ ಮೋಸವಿದೆ. ಕಳ್ಳನು ಮನೆಗೆ ನುಗ್ಗುವ ಮೊದಲು ನಾಯಿಗೆ ಮದ್ದಿಕ್ಕುವ ಹಾಗೆ, ನಿದ್ರೆಯು ಕಣ್ಣನ್ನು ಮುಚ್ಚುವದಕ್ಕೆ ಮುಂಚೆಯೇ ಬುದ್ಧಿಯನ್ನು ಮಬ್ಬುಮಾಡುತ್ತದೆ. ಯಾವ ಬುದ್ಧಿಯು ನಿಲ್ಲಿಸೆಂದು ಹೇಳಬೇಕೋ ಅದೇ ಮಲಗಿರುತ್ತದೆ. “ಇನ್ನು ಹತ್ತೇ ಮೈಲಿ, ಮುಂದಿನ ಡಾಬಾದಲ್ಲಿ ನಿಲ್ಲಿಸೋಣ” ಎಂಬ ಮಾತು ಎಚ್ಚತ್ತವನದಲ್ಲ. ಆದದರಿಂದ ನಿಲ್ಲಿಸುವ ತೀರ್ಮಾನವನ್ನು ರಾತ್ರಿ ಮೂರು ಗಂಟೆಗೆ ಬಿಡಕೂಡದು. ಹೊರಡುವ ಮುಂಚೆ, ಹೊಟ್ಟೆ ತುಂಬಿ ತಲೆ ತಿಳಿಯಾಗಿರುವಾಗ, ಇಂಥಲ್ಲಿ ಇಷ್ಟು ಹೊತ್ತಿಗೆ ನಿಲ್ಲುವೆನೆಂದು ಗೊತ್ತುಮಾಡಿ ಕ್ಲೀನರನಿಗೂ ಹೇಳಿಡಬೇಕು. ನಡುರಾತ್ರಿ ಎರಡರಿಂದ ಬೆಳಿಗ್ಗೆ ಆರರ ವರೆಗೆ ದೇಹವು ಸ್ವಭಾವದಿಂದಲೇ ನಿದ್ದೆಯನ್ನು ಬೇಡುತ್ತದೆ; ಮಧ್ಯಾಹ್ನದ ಊಟದ ಮೇಲೆಯೂ ಹಾಗೆಯೇ. ಆ ಹೊತ್ತುಗಳನ್ನು ತಪ್ಪಿಸಿ ಪ್ರಯಾಣವನ್ನು ಹೊಂದಿಸಿಕೊಳ್ಳುವವನು ಹೇಡಿಯಲ್ಲ.

ಕಿಟಕಿಯನ್ನು ತೆರೆಯುವದು, ಗಟ್ಟಿಯಾಗಿ ಹಾಡು ಹಚ್ಚುವದು, ಮುಖಕ್ಕೆ ನೀರೆರಚಿಕೊಳ್ಳುವದು, ಗುಟಕಾ ಅಗಿಯುವದು ಮುಂತಾದ ಉಪಾಯಗಳನ್ನು ಹಳಬರು ಕಲಿಸಿಕೊಡುತ್ತಾರೆ. ಇವು ಕೆಲವು ನಿಮಿಷಗಳ ಸಾಲ. ಗುಟಕಾದ ಸಾಲವನ್ನಂತೂ ಬಾಯಿಯ ಹುಣ್ಣಿನಿಂದ ತೀರಿಸಬೇಕಾದೀತು. ಕಾಫಿಯು ಸ್ವಲ್ಪ ಸಹಾಯಮಾಡುತ್ತದೆ. ಆದರೆ ಅದು ಕುಡಿದ ಕೂಡಲೇ ಅಲ್ಲ, ಇಪ್ಪತ್ತು ಮೂವತ್ತು ನಿಮಿಷಗಳ ಮೇಲೆ. ಅಷ್ಟರೊಳಗೆ ಸೀಟಿನಲ್ಲಿಯೇ ಒರಗಿ ಹದಿನೈದು ನಿಮಿಷ ಕಣ್ಣು ಮುಚ್ಚಿದರೆ ಎರಡೂ ಸೇರಿ ಒಂದು ಗಳಿಗೆಯ ಎಚ್ಚರವನ್ನು ಕೊಟ್ಟಾವು. ದಾರಿಯಲ್ಲಿ ಯಾರಾದರೂ ನಿದ್ದೆ ಬಾರದ ಹಾಗೆ ಮಾಡುವ ಮಾತ್ರೆಯನ್ನೋ, ಅಫೀಮಿನ ಪುಡಿಯನ್ನೋ ಕೊಟ್ಟರೆ ಮುಟ್ಟಲೇ ಬೇಡಿರಿ. ನಿದ್ದೆಯ ಋಣವು ನಿದ್ದೆಯಿಂದಲ್ಲದೆ ತೀರುವದಿಲ್ಲ.

ದಣಿದವನ ಲೆಕ್ಕಾಚಾರವೂ ಸೊಟ್ಟಗಾಗುತ್ತದೆ. ಡೀಸಲ್ ಉಳಿಯಲೆಂದು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಬಿಡುವ ದುರಭ್ಯಾಸವನ್ನು ನೋಡಿರಿ. ಶಿರಾಡಿಯಂಥ ಘಟ್ಟದಲ್ಲಿ ಎಂಜಿನ್ನಿನ ತಡೆಯಿಲ್ಲದೆ ಬರೇ ಬ್ರೇಕಿನಿಂದಲೇ ಇಳಿದರೆ ಬ್ರೇಕು ಕಾದು ಹಿಡಿತ ತಪ್ಪುತ್ತದೆ. ಎಂಜಿನ್ನನ್ನೇ ಆರಿಸಿದರಂತೂ ಬ್ರೇಕಿಗೆ ಗಾಳಿ ತುಂಬುವ ಯಂತ್ರವೂ ನಿಲ್ಲುತ್ತದೆ. ಬೆಂಗಳೂರಿನ ಹೆದ್ದಾರಿಯಲ್ಲಿ ಪುಣೆಯ ನವಲೆ ಸೇತುವೆಯ ಇಳಿಜಾರಿನಲ್ಲಿ 2022ರ ನವಂಬರ ತಿಂಗಳಲ್ಲಿ ಒಂದೇ ಲಾರಿಯು ಹತ್ತಾರು ವಾಹನಗಳನ್ನು ಗುದ್ದಿದ ಸುದ್ದಿಯನ್ನು ಎಲ್ಲರೂ ಓದಿರಬಹುದು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಹಳೇ ಚಾಲಕರ ಪಾಠವನ್ನು ಕೆಲವು ರೂಪಾಯಿಯ ಎಣ್ಣೆಗೆ ಮಾರಬಾರದು.

ಇಷ್ಟೆಲ್ಲಾ ಹೇಳಿ ಭಾರವನ್ನು ಚಾಲಕನ ಹೆಗಲಿಗೇ ಕಟ್ಟಿದರೆ ಅನ್ಯಾಯವಾಗುವದು. ಅವನನ್ನು ಓಡಿಸುವವರು ಯಾರು? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾನೂನು ದಿನಕ್ಕೆ ಎಂಟು ತಾಸು, ವಾರಕ್ಕೆ ನಾಲ್ವತ್ತೆಂಟು ತಾಸು ಎಂದು ಸಾಧಾರಣ ಮಿತಿಯನ್ನು ಕಟ್ಟಿತು. ಐದು ತಾಸಿನ ಕೆಲಸಕ್ಕೆ ಅರ್ಧ ತಾಸಿನ ವಿಶ್ರಾಂತಿಯನ್ನು ವಿಧಿಸಿತು. ಆದರೆ ಐದು ಮಂದಿ ಕೆಲಸಗಾರರಾದರೂ ಇಲ್ಲದ ಕಡೆಗೆ ಅದು ತಾನಾಗಿ ಅನ್ವಯಿಸಲಿಲ್ಲ. ಒಂದೆರಡು ಲಾರಿಗಳನ್ನು ಸಾಲದಲ್ಲಿ ಕೊಂಡು ಓಡಿಸುವ ಚಿಕ್ಕ ಧಣಿಗಳೋ ಊರೂರಿಗೂ ಇದ್ದಾರೆ. ನ್ಯಾಷನಲ್ ಪರ್ಮಿಟ್ಟಿನ ಲಾರಿಗೆ ಇಬ್ಬರು ಚಾಲಕರಿರಬೇಕೆಂಬ ನಿಯಮವೊಂದಿತ್ತು. 2018ರಲ್ಲಿ ಅದನ್ನೂ ತೆಗೆದುಬಿಟ್ಟರು. ಒಬ್ಬನು ಮಲಗಿರುವಾಗ ಮತ್ತೊಬ್ಬನು ನಡಿಸಬಹುದಾಗಿದ್ದ ಗಾಡಿಯಲ್ಲಿ ಈಗ ಒಬ್ಬನೇ ಕೂತು ಇಬ್ಬರ ದಾರಿಯನ್ನು ಸವೆಸುತ್ತಾನೆ. ಇದನ್ನು ನಾವು ಒಳ್ಳೇದೆಂದು ಹೇಳಲಾರೆವು.

ವಿನೋದವಾದ ಒಂದು ಸಂಗತಿಯೇನಂದರೆ, ಸರಕಾರದ ಇ-ವೇ ಬಿಲ್ ಎಂಬ ಸರಕಿನ ಚೀಟಿಯು ಸಾಧಾರಣ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಅವಧಿಯನ್ನು ಕೊಡುತ್ತದೆ. ಬೆಂಗಳೂರಿಂದ ಮುಂಬಯಿಗೆ ಸುಮಾರು 980 ಕಿಲೋಮೀಟರ್ ಎಂದು ಹಿಡಿದರೆ ಚೀಟಿಗೆ ಐದು ದಿನಗಳ ಪ್ರಾಣವುಂಟು. ತೆರಿಗೆಯವರು ಕಾಗದಕ್ಕೆ ತೋರಿಸಿದ ಈ ಕನಿಕರವನ್ನು ವ್ಯಾಪಾರಿಯು ಮನುಷ್ಯನಿಗೆ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ವ್ಯಾಪಾರಿಗೂ ಅವಸರಪಡಿಸುವವರಿದ್ದಾರೆ. ಬೆಳಗಾಗುವದರೊಳಗೆ ಹೊಸ ತರಕಾರಿಯೂ ಹೊಸ ಮೀನೂ ಕಾಣದಿದ್ದರೆ ಮುಖ ಸಿಂಡರಿಸುವ ಗಿರಾಕಿಯು ನಮ್ಮ ಓಣಿಯಲ್ಲಿಯೇ ಇದ್ದಾನೆ.

ಹೀಗಿದ್ದರೂ ಸ್ಟಿಯರಿಂಗನ್ನು ಹಿಡಿದ ಕೈ ಒಂದೇ. ಆದದರಿಂದ ಧಣಿಗೆ ಹೇಳತಕ್ಕ ಮಾತನ್ನು ಸರಕು ಹೇರುವಾಗಲೇ, ವಿನಯದಿಂದ, ಹಗ್ಗ ಬಿಗಿಯುವ ಮುಂಚೆ ಹೇಳಿಬಿಡಬೇಕು: “ಅಣ್ಣಾ, ಚಿತ್ರದುರ್ಗ ದಾಟಿದ ಮೇಲೆ ನಾಲ್ಕು ತಾಸು ಮಲಗುತ್ತೇನೆ. ನಾಳೆ ಸಾಯಂಕಾಲಕ್ಕೆ ಮುಟ್ಟಿಸುತ್ತೇನೆ, ಬೆಳಿಗ್ಗೆ ಆಗುವದಿಲ್ಲ.” ಆಗದ ಹೊತ್ತಿಗೆ ಒಪ್ಪಿಕೊಂಡು ನಡುದಾರಿಯಲ್ಲಿ ಫೋನನ್ನು ಆರಿಸಿ ಮಲಗುವದು ಪ್ರಾಮಾಣಿಕತೆಯಲ್ಲ, ಒಪ್ಪಿಕೊಂಡೆನೆಂಬ ಕಾರಣಕ್ಕೆ ಕಣ್ಣು ಮುಚ್ಚಿ ನಡಿಸುವದು ಅದಕ್ಕಿಂತಲೂ ಕೆಟ್ಟದ್ದು. ಇಂಥ ಮಾತಿಗೆ ಕೆಲಸವೇ ಹೋದೀತೆಂಬ ಭಯವು ಸುಳ್ಳಲ್ಲ. ಮನೆಯಲ್ಲಿ ಸಾಲದ ಕಂತು ಇರುವವನಿಗೆ ಇದು ಸುಲಭವೆಂದು ಹೇಳುವಷ್ಟು ನಾವು ಧೈರ್ಯಶಾಲಿಗಳಲ್ಲ. ಆದರೆ ಅಪಘಾತವಾದ ದಿನ ಠಾಣೆಯ ಮುಂದೆ ನಿಲ್ಲುವವನು ಚಾಲಕನೇ ಎಂಬದನ್ನು ಅವನು ಮರೆಯಬಾರದು.

ಮನೆಯವರಿಗೂ ಒಂದು ಮಾತು. ಹಬ್ಬಕ್ಕೆ ಬರುತ್ತೇನೆಂದವನು ಒಂದು ದಿನ ತಡವಾಗುತ್ತದೆಂದು ಫೋನು ಮಾಡಿದರೆ ಸಿಟ್ಟಾಗಬೇಡಿರಿ, ಅಳಬೇಡಿರಿ. ಎಲ್ಲಿ ನಿಲ್ಲಿಸಿದ್ದೀ, ಊಟವಾಯಿತೋ, ಎಷ್ಟು ಹೊತ್ತು ಮಲಗುತ್ತೀ ಎಂದು ಕೇಳಿರಿ. ಚಾಲಕನು ನಡಿಸುತ್ತಿರುವ ಹೊತ್ತಿನಲ್ಲಿ ಮೇಲಿಂದ ಮೇಲೆ ಕರೆಯಲೂ ಬೇಡಿರಿ.

ಇನ್ನು, ನಿಲ್ಲಿಸುವ ಸ್ಥಳದ ವಿಷಯ. ನಿದ್ದೆ ಬಂತೆಂದು ಹೆದ್ದಾರಿಯ ಅಂಚಿನಲ್ಲಿಯೇ, ದೀಪವಿಲ್ಲದೆ ಗಾಡಿಯನ್ನು ನಿಲ್ಲಿಸಿ ಮಲಗಿದವನ ಹಿಂಬದಿಗೆ ಮೋಟಾರ್ ಸೈಕಲಿನವರು ಬಂದು ಬಡಿದು ಸತ್ತ ಸಂಗತಿಗಳು ಎಷ್ಟೋ ಇವೆ. ಪೆಟ್ರೋಲ್ ಬಂಕಿನ ಅಂಗಳ, ಲಾರಿಗಳು ನಿಲ್ಲುವ ದೊಡ್ಡ ಡಾಬಾ, ಯಶವಂತಪುರದಂಥ ಲಾರಿ ನಿಲ್ದಾಣ, ಇಂಥ ಸ್ಥಳವನ್ನು ಹೊರಡುವ ಮುಂಚೆಯೇ ಆರಿಸಿಕೊಳ್ಳಬೇಕು. ಗಾಡಿ ಕೆಟ್ಟು ದಾರಿಯಲ್ಲಿಯೇ ನಿಂತರೆ ಸೊಪ್ಪುಸದೆಯನ್ನಿಟ್ಟು ಸಾಕೆನ್ನದೆ ಹೊಳೆಯುವ ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಬೇಕು. ಮುಂದಕ್ಕೆ ಹೋಗುವಾಗ ಆ ತ್ರಿಕೋನವನ್ನು ಎತ್ತಿಕೊಂಡು, ಚಕ್ರಕ್ಕೆ ಕೊಟ್ಟ ಕಲ್ಲನ್ನು ದಾರಿಯ ಮೇಲೆ ಬಿಡದೆ ಪಕ್ಕಕ್ಕೆ ಹಾಕಿ ಹೊರಡಬೇಕು.