ಹಾಯಿಹಡಗಿನ ಪಾಠ

ನವಲಗುಂದದ ಎರೆಭೂಮಿಯಲ್ಲಿ ನಿಂತು ಹಡಗಿನ ಮಾತೆತ್ತಿದರೆ ಕೇಳಿದವರು ನಕ್ಕಾರು. ಇಲ್ಲಿಯವರಿಗೆ ಹಾಯಿಯ ಪರಿಚಯವಿಲ್ಲ ನಿಜ. ಗಾಳಿಯ ಪರಿಚಯ ಉಂಟು. ಯಂತ್ರಗಳು ಬರುವ ಮುನ್ನ ಕಣದಲ್ಲಿ ರಾಶಿ ತೂರುವವನು ಮೊರವನ್ನೆತ್ತಿ ಹಿಡಿದು ಗಾಳಿಗಾಗಿ ಕಾಯಬೇಕಾಗಿತ್ತು. ಅದಕ್ಕೆ ಹುಕುಂ ಮಾಡುವುದು ಊರ ಗೌಡನಿಂದಲೂ ಆಗುತ್ತಿರಲಿಲ್ಲ.

ಈ ಕಾಯುವ ವಿದ್ಯೆಯನ್ನು ನಮ್ಮ ನೌಕಾಪಡೆ ಬೇಕೆಂದೇ ಉಳಿಸಿಕೊಂಡಿದೆ. ಗೋವೆಯಲ್ಲಿ ಕಟ್ಟಿ 1997ರಲ್ಲಿ ಸೇವೆಗೆ ಸೇರಿದ ‘ತರಂಗಿಣಿ’ ಎಂಬ ತರಬೇತಿ ಹಡಗಿಗೆ ಮೂರು ಕಂಬ, 20 ಹಾಯಿ. 2003–04ರಲ್ಲಿ ಅದು ಭೂಪ್ರದಕ್ಷಿಣೆ ಮಾಡಿ ಬಂದಿತು. 2012ರಲ್ಲಿ ‘ಸುದರ್ಶಿನಿ’ ಎಂಬ ತಂಗಿಯೂ ಬಂದಳು. ಎಳೆಯ ನಾವಿಕರು ಹಗ್ಗದ ನಿಚ್ಚಣಿಕೆ ಹತ್ತಿ, ಅಡ್ಡದೂಲದ ಮೇಲೆ ಹೊಟ್ಟೆ ಆನಿಸಿ, ತೂಗಾಡುವ ಎತ್ತರದಲ್ಲಿ ಹಾಯಿ ಬಿಚ್ಚಬೇಕು, ಸುತ್ತಬೇಕು. ಒಂದು ಕೈ ಹಡಗಿಗೆ, ಇನ್ನೊಂದು ನಿನಗೆ ಎಂಬುದು ನಾವಿಕರ ಹಳೆಯ ಮಾತು. ಮುಂದೆ ಅವರು ನಡೆಸಬೇಕಾದದ್ದಾದರೋ ಎಂಜಿನಿನ ಯುದ್ಧನೌಕೆ. ದಾರಿ ತೋರಿಸಲು ಉಪಗ್ರಹಗಳಿವೆ. ಹಾಗಾದರೆ ಈ ಸಾಹಸವೇಕೆ?

(ಹಳಗನ್ನಡದ ಛಂದಸ್ಸನ್ನು ಪಾಠ ಹೇಳಿ ಸಂಬಳ ಪಡೆಯುವ ನಾನು ಉಪಯೋಗವಿಲ್ಲದ ವಿದ್ಯೆಗೆ ಕಲ್ಲೆಸೆಯುವವನಲ್ಲ.)

ಕಷ್ಟಪಟ್ಟರೆ ಮನುಷ್ಯನಾಗುತ್ತಾನೆ ಎಂಬುದು ಸಿದ್ಧ ಉತ್ತರ. ನನಗೆ ಅದು ಸಾಲದು. ಜರ್ಮನಿಯ ‘ಪಾಮೀರ್’ ಎಂಬ ಹಾಯಿಹಡಗು 1957ರ ಸೆಪ್ಟೆಂಬರ್ 21ರಂದು ಅಟ್ಲಾಂಟಿಕ್ ಸಾಗರದ ಚಂಡಮಾರುತದಲ್ಲಿ ಮುಳುಗಿತು. ಅದರಲ್ಲಿದ್ದ 86 ಜನರಲ್ಲಿ 80 ಜನ ತೀರಿಹೋದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಲಿಯಲು ಬಂದ ಹುಡುಗರು. ಆ ತಾಯಂದಿರ ಮುಂದೆ ನಿಂತು ಶೀಲಸಂವರ್ಧನೆಯ ಮಾತಾಡುವ ನಾಲಗೆ ಯಾರಿಗಿದ್ದೀತು? ವಿಚಾರಣೆಯಲ್ಲಿ ಎದ್ದು ಕಂಡ ಒಂದು ಕಾರಣವನ್ನು ನಮ್ಮ ರೈತರು ಥಟ್ಟನೆ ಗ್ರಹಿಸಬಲ್ಲರು. ಬಾರ್ಲಿಯನ್ನು ಚೀಲಕ್ಕೆ ತುಂಬದೆ ಹೆಚ್ಚಾಗಿ ಸಡಿಲವಾಗಿ ಸುರಿದಿದ್ದರು. ಹಡಗು ಓಲಿದಾಗ ಕಾಳಿನ ರಾಶಿ ಒಂದೇ ಮಗ್ಗುಲಿಗೆ ಜಾರಿತು.

ನನ್ನ ವಿಚಾರ ತಡೆದು ನಿಲ್ಲುವುದು ಇಲ್ಲಿಯೇ. ಕಂಬದ ಮೇಲಿನ ಅಪಾಯ ಕಲಿಕೆಯ ಅಂಗವಾದದ್ದು. ಹುಡುಗನಿಗೆ ಅದು ಕಾಣುತ್ತದೆ, ಕಲಿಸುವವನೂ ಅದೇ ಗಾಳಿಯಲ್ಲಿ ನಿಂತಿರುತ್ತಾನೆ, ಸೊಂಟಕ್ಕೆ ಪಟ್ಟಿ ಬಿಗಿದಿರುತ್ತದೆ. ಕೆಳಗೆ ಸಡಿಲವಾಗಿ ಬಿದ್ದ ಕಾಳಿನ ಅಪಾಯ ಅಂಥದಲ್ಲ. ಅದು ಯಾರಿಗೂ ಯಾವ ಪಾಠವನ್ನೂ ಹೇಳಲಿಲ್ಲ. ಅದು ಹಿರಿಯರ ಅಜಾಗರೂಕತೆ. ಬೆಲೆ ತೆತ್ತವರು ಮಾತ್ರ ಕಿರಿಯರು.

ನಾವು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ. ಮಳೆಗಾಲದಲ್ಲಿ ಬೆಣ್ಣೆಹಳ್ಳ ತುಂಬಿ ಹರಿದಾಗ ಆಚೆಯ ಹಳ್ಳಿಗಳಿಂದ ನನ್ನ ತರಗತಿಗೆ ಬರುವ ಹುಡುಗಿಯರ ದಾರಿ ಕಟ್ಟಾಗುತ್ತದೆ. ಕೆಲವರು ಎದೆಗಟ್ಟಿ ಮಾಡಿ ದಾಟಿಯೇ ಬರುತ್ತಾರೆ. ‘ನಾವೂ ಹಳ್ಳ ಈಸಿ ಸಾಲಿ ಕಲಿತವರೇ, ಗಟ್ಟಿಯಾಗಲಿ ಬಿಡಿ’ ಎಂದು ಅಧ್ಯಾಪಕರ ಕೋಣೆಯಲ್ಲಿ ಹಿರಿಯರೊಬ್ಬರು ಚಹ ಹೀರುತ್ತ ಹೇಳಿದರು. ಈಸಿ ದಾಟಿದವರು ಮಾತ್ರ ಹೀಗೆ ಚಹ ಕುಡಿಯುತ್ತ ಹೇಳಬಲ್ಲರು. ಕೊಚ್ಚಿಹೋದವರ ಅಭಿಪ್ರಾಯ ಕೇಳಿದವರಿಲ್ಲ.

ಆ ಹುಡುಗಿಯರಿಗೆ ಈಜು ಬೇಡವೆನ್ನುವವನು ನಾನಲ್ಲ. ಹಳ್ಳಕ್ಕೆ ಮೊದಲು ಎತ್ತರದ ಸೇತುವೆಯಾಗಲಿ. ಆಮೇಲೆ ಅವರಲ್ಲೊಬ್ಬಳು ತರಂಗಿಣಿಯ ಕಂಬ ಹತ್ತುತ್ತೇನೆಂದರೆ ಅರ್ಜಿಯನ್ನು ನಾನೇ ಬರೆದುಕೊಟ್ಟೇನು.