ಚಳಿಯಲ್ಲಿ ನಡೆದರೆ ಪುಣ್ಯವೇ?

ಮುಂಬಯಿಯ ಚಳಿಯ ಬಗ್ಗೆ ಬರೆಯಹೊರಟರೆ ಊರ ಕಡೆಯವರು ನಕ್ಕಾರು. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ ೭.೪ ಡಿಗ್ರಿ ಸೆಲ್ಸಿಯಸ್. ಅದೂ ೧೯೬೨ರ ಜನವರಿ ೨೨ರ ಮಾತು. ಈಗ ಪಾದರಸ ಹದಿನೈದಕ್ಕೆ ಇಳಿದರೆ ಸಾಕು, ನಾವು ಪೆಟ್ಟಿಗೆಯ ತಳದಿಂದ ಸ್ವೆಟರು ಹುಡುಕಿ ತೆಗೆಯುತ್ತೇವೆ. ಆದರೂ ಪೂರ್ವಕ್ಕೆ ಪಾರ್ಸಿಕ್ ಗುಡ್ಡ, ಪಶ್ಚಿಮಕ್ಕೆ ಠಾಣೆಯ ಖಾಡಿ ಇರುವ ನಮ್ಮ ಐರೋಲಿಯಲ್ಲಿ ಪುಷ್ಯ ಮಾಸದ ಬೆಳಗಿನ ಜಾವ ಕಿವಿಗೆ ಗಾಳಿ ತಾಗಿದರೆ ಒಂದು ಕ್ಷಣ ಊರು ನೆನಪಾಗುವುದು ಸುಳ್ಳಲ್ಲ.

ಈ ಚಳಿಯ ಜೊತೆಗೇ ವ್ಯಾಯಾಮದ ಉತ್ಸಾಹವೂ ಬರುತ್ತದೆ. ೨೦೦೪ರಲ್ಲಿ ಮುಂಬಯಿ ಮ್ಯಾರಥಾನ್ ಪ್ರಾರಂಭವಾದ ಮೇಲಂತೂ ಡಿಸೆಂಬರ್ ಬಂತೆಂದರೆ ಓಡುವವರು, ಓಡುವವರನ್ನು ನೋಡಿ ನಡೆಯುವವರು, ನಡೆಯಬೇಕೆಂದು ಬೂಟು ಕೊಂಡವರು, ಹೀಗೆ ಮೂರು ವರ್ಗದ ಜನ ಹೆಚ್ಚುತ್ತಿದ್ದಾರೆ. ನಾನು ಎರಡನೆಯ ವರ್ಗದವನು. ದಿನವೆಲ್ಲ ಕಡತಗಳ ಮುಂದೆ ಕೂರುವ ಸರಕಾರಿ ಗುಮಾಸ್ತನಿಗೆ ನಡಿಗೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಹಾಗಾಗಿ ನಾಲ್ಕು ವರ್ಷ ಚಳಿಗಾಲದಲ್ಲಿ ಐದೂವರೆಗೆ ಎದ್ದು ಖಾಡಿಯ ಕಡೆಗೆ ನಡೆದೆ. ನಿಜ ಹೇಳಬೇಕೆಂದರೆ ಆ ನಡಿಗೆಯಿಂದ ನನ್ನ ತೂಕ ಇಳಿದದ್ದಕ್ಕಿಂತ ಅಭಿಮಾನ ಏರಿದ್ದೇ ಹೆಚ್ಚು. ಮನೆಗೆ ಮರಳಿದಾಗ ಇನ್ನೂ ಹೊದ್ದು ಮಲಗಿರುವ ಮಗನನ್ನು ಕಂಡರೆ ಅವನು ಯಾವುದೋ ಅಪರಾಧ ಮಾಡಿದಂತೆ ತೋರುತ್ತಿತ್ತು.

ಹೋದ ವರ್ಷ ಸಂಕ್ರಾಂತಿಗೆ ಊರಿನಿಂದ, ಅಂದರೆ ವಿಜಯಪುರ ಜಿಲ್ಲೆಯ ಹಳ್ಳಿಯಿಂದ, ನಮ್ಮ ತಂದೆ ಬಂದಿದ್ದರು. ವಯಸ್ಸು ಎಪ್ಪತ್ತಾರು. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆಂಬುದು ನನಗೆ ಗೊತ್ತಿತ್ತು. ಆದರೂ “ಅಪ್ಪಾ, ಏಳ್ರಿ, ಥಂಡ್ಯಾಗ ಅಡ್ಡಾಡಿದ್ರ ಆರೋಗ್ಯ ಛಲೋ ಇರ್ತದ” ಎಂದು ಎಬ್ಬಿಸಿ ಕರೆದೊಯ್ದೆ. ಮೂರನೆಯ ದಿನ ಅರ್ಧ ದಾರಿಯಲ್ಲಿ ಅವರು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತುಬಿಟ್ಟರು. ರಿಕ್ಷಾ ಸಿಗುವವರೆಗಿನ ಆ ಹತ್ತು ನಿಮಿಷ ನನಗೆ ಹತ್ತು ವರ್ಷವಾಯಿತು. ದೇವರ ದಯೆಯಿಂದ ಅಪಾಯವಾಗಲಿಲ್ಲ. ಪರೀಕ್ಷಿಸಿದ ಡಾಕ್ಟರು, ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ಒತ್ತಡ ಏರುತ್ತದೆ, ಅದರ ಮೇಲೆ ಬಿರುಸಾಗಿ ನಡೆಸಿದರೆ ವಯಸ್ಸಾದ ಹೃದಯಕ್ಕೆ ಎರಡು ಪಟ್ಟು ಹೊರೆ ಎಂದು ತಿಳಿಹೇಳಿದರು. ಬಿ.ಎಸ್‌ಸಿ. ಓದಿದವನು ನಾನು, ತಲೆ ತಗ್ಗಿಸಿ ಕೇಳಿದೆ.

ಆ ದಿನ ಸಂಜೆ ನಾನು ತಂದೆಯವರನ್ನು ಕೇಳಿದೆ: “ನಮ್ಮೂರಾಗ ಇದಕ್ಕಿಂತ ಹೆಚ್ಚಿನ ಥಂಡ್ಯಾಗ ನೀವು ಬಯಲಾಗ ಮಲಗ್ತಿದ್ರಲ್ಲ?” ಅವರು ಹೇಳಿದ್ದು ಇಷ್ಟೇ: “ತಮ್ಮಾ, ಜ್ವಾಳದ ಹೊಲ ಕಾಯಾಕ ಮಲಗ್ತಿದ್ವಿ. ಥಂಡಿ ಬೇಕಂತ ಹೋಗ್ತಿದ್ದಿಲ್ಲ.”

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಕಷ್ಟಪಡುವುದರಲ್ಲಿಯೇ ಪುಣ್ಯವಿದೆಯೇ, ಅಥವಾ ಯಾವುದಕ್ಕಾಗಿ ಕಷ್ಟಪಟ್ಟೆವೋ ಅದರಲ್ಲಿ ಇದೆಯೇ? ನಮ್ಮ ಹಿರಿಯರು ಚಳಿಯನ್ನು ತಾಳಿಕೊಂಡದ್ದು ಬೆಳೆಯ ಸಲುವಾಗಿ, ಮನೆಯವರ ಹೊಟ್ಟೆಯ ಸಲುವಾಗಿ. ನಾವು ಅವರಿಂದ ಉದ್ದೇಶವನ್ನು ಬಿಟ್ಟು ಕಷ್ಟವನ್ನಷ್ಟೇ ಎತ್ತಿಕೊಂಡೆವು. ನಮ್ಮ ಕಟ್ಟಡದ ಕಾವಲುಗಾರ ರಾತ್ರಿಯಿಡೀ ಗೇಟಿನಲ್ಲಿ ಕುಳಿತು, ಬೆಳಗಿನ ಜಾವ ರಟ್ಟಿನ ಚೂರುಗಳಿಗೆ ಬೆಂಕಿ ಹಚ್ಚಿ ಕೈ ಕಾಯಿಸಿಕೊಳ್ಳುತ್ತಾನೆ. “ಹವೆ ಎಷ್ಟು ಹಿತವಾಗಿದೆ!” ಎಂದು ನಾನು ಅವನೆದುರಿಗೆ ಎಷ್ಟು ಸಲ ಅಂದಿದ್ದೇನೋ! ಅವನು ಒಮ್ಮೆಯೂ ಹೌದೆನ್ನಲಿಲ್ಲ. ಚಳಿ ಹಿತವೆನ್ನಿಸುವುದು ಮರಳಿ ಹೋಗಲು ಬೆಚ್ಚನೆಯ ಮನೆಯಿದ್ದವರಿಗೆ.

ಶಾಸ್ತ್ರ ಏನನ್ನುತ್ತದೆ ನೋಡೋಣ. ವಾಗ್ಭಟನು ‘ಅಷ್ಟಾಂಗಹೃದಯ’ದಲ್ಲಿ ಶೀತಕಾಲದ ವ್ಯಾಯಾಮವನ್ನು ಹೊಗಳಿದ್ದಾನೆ, ನಿಜ, ಆದರೆ ಬಲವುಳ್ಳವರು, ಜಿಡ್ಡಿನ ಆಹಾರ ಉಣ್ಣುವವರು, ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂದು ವಿಧಿಸಿದ್ದಾನೆ. ಬಾಲಕರೂ ವೃದ್ಧರೂ ಅದನ್ನು ಬಿಡತಕ್ಕದ್ದೆಂದೂ ಹೇಳಿದ್ದಾನೆ. ನಮ್ಮ ಕಾಲದ ವೈದ್ಯರು ವೃದ್ಧರಿಗೆ ನಡಿಗೆಯನ್ನು ಬೇಡವೆನ್ನುವುದಿಲ್ಲ; ಬಿಸಿಲೇರಿದ ಮೇಲೆ, ಮೈ ಬೆಚ್ಚಗಿಟ್ಟುಕೊಂಡು, ನಿಧಾನವಾಗಿ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಇರುವುದು ಒಂದೇ ವಿವೇಕ: ದೇಹ ನೋಡಿ ದಂಡಿಸು. ಗೀತೆಯ ಹದಿನೇಳನೆಯ ಅಧ್ಯಾಯವಂತೂ ಇನ್ನೂ ನಿಷ್ಠುರ. ಹೊಗಳಿಕೆಗಾಗಿ ಮಾಡುವ ತಪಸ್ಸನ್ನು ಅದು ರಾಜಸವೆಂದೂ, ಮೂಢ ಹಟದಿಂದ ದೇಹವನ್ನು ಪೀಡಿಸುವ ತಪಸ್ಸನ್ನು ತಾಮಸವೆಂದೂ ಎಣಿಸುತ್ತದೆ. ನನ್ನ ನಾಲ್ಕು ವರ್ಷದ ನಡಿಗೆ ಮೊದಲನೆಯದು. ತಂದೆಯವರನ್ನು ಎಳೆದೊಯ್ದದ್ದು ಎರಡನೆಯದಕ್ಕಿಂತಲೂ ಕೀಳು, ಏಕೆಂದರೆ ಪೀಡಿಸಿದ್ದು ನನ್ನ ದೇಹವನ್ನಲ್ಲ.

ಇನ್ನು ವಿಜ್ಞಾನದ ಮಾತು. ನಮ್ಮ ಗಡಿಯಾರ ೮೨.೫ ಡಿಗ್ರಿ ರೇಖಾಂಶದ್ದು. ನಾವಿರುವುದು ಸುಮಾರು ೭೩ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ನಮ್ಮ ಐದೂವರೆ ಸೂರ್ಯನ ಪಾಲಿಗೆ ಇನ್ನೂ ಐದು ಗಂಟೆಯೂ ಅಲ್ಲ! ಜನವರಿಯಲ್ಲಿ ಇಲ್ಲಿ ಸೂರ್ಯೋದಯವಾಗುವುದೇ ಏಳು ದಾಟಿದ ಮೇಲೆ. ರಾತ್ರಿ ನೆಲ ತಣಿದು, ಅದಕ್ಕೆ ತಾಗಿದ ಗಾಳಿಯೂ ತಣಿದು, ಭಾರವಾಗಿ ಕೆಳಗೇ ಕೂರುತ್ತದೆ. ಮೇಲಿನ ಬೆಚ್ಚಗಿನ ಗಾಳಿ ಅದಕ್ಕೆ ಮುಚ್ಚಳ ಹಾಕಿದಂತಿರುತ್ತದೆ. ಠಾಣೆ-ಬೇಲಾಪುರ ರಸ್ತೆಯ ಲಾರಿಗಳ ಹೊಗೆ, ಕಾರಖಾನೆಗಳ ಹೊಗೆ, ಕಟ್ಟಡ ಕೆಲಸದ ಧೂಳು ಎಲ್ಲವೂ ಆ ಮುಚ್ಚಳದ ಕೆಳಗೆ. ಬಿಸಿಲು ಬಿದ್ದು ನೆಲ ಕಾದಾಗಲೇ ಅದು ತೆರೆಯುವುದು. ಬಿರುಸಾಗಿ ನಡೆಯುವವನು ಕುಳಿತವನಿಗಿಂತ ಹಲವು ಪಟ್ಟು ಗಾಳಿ ಎಳೆದುಕೊಳ್ಳುತ್ತಾನೆ. ನಾವು ಶುದ್ಧವೆಂದು ಎದೆಯುಬ್ಬಿಸಿ ಕುಡಿಯುವ ಮಂಜಿನಲ್ಲಿ ಎಷ್ಟೋ ಸಲ ಅರ್ಧ ಹೊಗೆಯೇ.

ಹಾಗಾದರೆ ಚಳಿಗಾಲವೆಲ್ಲ ಕಂಬಳಿಯೊಳಗೇ ಇರಬೇಕೆ? ಖಂಡಿತ ಅಲ್ಲ. ಸೋಮಾರಿತನಕ್ಕೆ ಮಿತಾಚಾರವೆಂಬ ಹೆಸರು ಕೊಡುವುದೂ ಆತ್ಮವಂಚನೆಯೇ. ದೇಹವನ್ನು ಧರ್ಮದ ಸಾಧನವೆಂದು ಹಿರಿಯರು ಕರೆದರು. ಸಾಧನವನ್ನು ತುಕ್ಕು ಹಿಡಿಯಲು ಬಿಡಬಾರದು. ಹಾಗೆಂದು ಕಲ್ಲಿಗೆ ಉಜ್ಜಿ ಉಜ್ಜಿ ಸವೆಸಲೂ ಬಾರದು. ನನ್ನ ನಡಿಗೆ ಇಂದಿಗೂ ನಿಂತಿಲ್ಲ. ವಾರದ ದಿನಗಳಲ್ಲಿ ಸಂಜೆ ಐರೋಲಿ ಸ್ಟೇಷನ್ನಿನಿಂದ ರಿಕ್ಷಾ ಹಿಡಿಯದೆ ಸುತ್ತು ದಾರಿಯಲ್ಲಿ ಮನೆಗೆ ಬರುತ್ತೇನೆ. ರವಿವಾರ ಬಿಸಿಲು ಬಂದ ಮೇಲೆ ಹೊರಡುತ್ತೇನೆ. ಬಿಟ್ಟದ್ದು ಆ ನಡಿಗೆಯ ಜಂಬವನ್ನು ಮಾತ್ರ. ಮಗನನ್ನು ಈಗ ಗದರಿಸುವುದಿಲ್ಲ. ಆಶ್ಚರ್ಯವೆಂದರೆ, ಗದರಿಸುವುದನ್ನು ಬಿಟ್ಟ ಮೇಲೆ ಆಗೊಮ್ಮೆ ಈಗೊಮ್ಮೆ ತಾನಾಗಿಯೇ ಜೊತೆಗೆ ಬರುತ್ತಾನೆ.

ನಮ್ಮಂಥ ಹೊರನಾಡ ಕನ್ನಡಿಗರ ಮನೆಗಳಿಗೆ ಊರಿನಿಂದ ತಂದೆತಾಯಿಯರು ಬರುವುದು ಹೆಚ್ಚಾಗಿ ಈ ಚಳಿಯ ದಿನಗಳಲ್ಲೇ. ಅವರು ಮಗನ ಮಾತು ಮೀರಲಾರರು. ಬೇಡವೆನ್ನಲು ಸಂಕೋಚಪಟ್ಟು ಎದ್ದುಬಿಡುತ್ತಾರೆ. ಆದ್ದರಿಂದ ಅವರ ಪರವಾಗಿ ಬೇಡವೆನ್ನಬೇಕಾದವರು ನಾವೇ. ಈ ಸಂಕ್ರಾಂತಿಗೂ ತಂದೆಯವರು ಬಂದಿದ್ದರು. ಎಂಟು ಗಂಟೆಗೆ ಚಹಾ ಕುಡಿದು, ಶಾಲು ಹೊದ್ದು, ನನ್ನ ಕೈ ಹಿಡಿದು ಎಳೆಬಿಸಿಲಿನಲ್ಲಿ ಉದ್ಯಾನದ ಎರಡು ಸುತ್ತು ನಡೆದರು. ಮೂರನೆಯ ಸುತ್ತಿಗೆ ನಾನು ಒತ್ತಾಯಿಸಲಿಲ್ಲ.