ದ್ವೀಪವಿಹಾರವೂ ದಿಗ್ವ್ರತವೂ

ಡಿಸೆಂಬರ್ ತಿಂಗಳ ಕೊನೆಯ ವಾರ ಸಮೀಪಿಸಿದಂತೆ ನಗರವಾಸಿಗಳ ಮನೆಗಳಲ್ಲಿ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಈ ಸಲದ ರಜೆಗೆ ಎಲ್ಲಿಗೆ? ಮಕ್ಕಳ ಶಾಲೆಗೆ ಕ್ರಿಸ್‌ಮಸ್ ರಜೆ, ದೊಡ್ಡವರ ಕಚೇರಿಗೆ ವರ್ಷಾಂತ್ಯದ ಬಿಡುವು. ಹಿಂದಿನ ತಲೆಮಾರಿನ ಜೈನ ಕುಟುಂಬಗಳಲ್ಲಿ ಇಂತಹ ಪ್ರಶ್ನೆಗೆ ಅಜ್ಜಿಯ ಮನೆ, ಶ್ರವಣಬೆಳಗೊಳ, ಹೊಂಬುಜ, ಕುಂದಾದ್ರಿ ಎಂಬ ಉತ್ತರಗಳು ದೊರೆಯುತ್ತಿದ್ದವು. ಈಗ ಮಾಲ್ಡೀವ್ಸ್, ಅಂಡಮಾನ್, ಬಾಲಿ ಎಂಬ ದ್ವೀಪಗಳ ಹೆಸರುಗಳು ಕೇಳಿಬರುತ್ತವೆ. ಇದನ್ನು ಕಾಲಧರ್ಮವೆಂದು ಹೇಳಿ ಸುಮ್ಮನಾಗುವುದು ಸುಲಭ. ಭೋಗಲಾಲಸೆಯೆಂದು ಜರೆಯುವುದು ಇನ್ನೂ ಸುಲಭ. ಶ್ರಾವಕಧರ್ಮದ ಬೆಳಕಿನಲ್ಲಿ ಇಟ್ಟು ನೋಡುವುದು ಮಾತ್ರ ತುಸು ಶ್ರಮದ ಕೆಲಸ.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ದಕ್ಷಿಣ ಕನ್ನಡದ ಹಳ್ಳಿಯೊಂದರಲ್ಲಿ ವಯೋವೃದ್ಧ ಶ್ರಾವಕರೊಬ್ಬರಿದ್ದಾರೆ. ಪತ್ನಿ ತೀರಿಕೊಂಡ ಮೇಲೆ ಮುನಿಗಳ ಸನ್ನಿಧಿಯಲ್ಲಿ ಅವರು ದಿಗ್ವ್ರತವನ್ನು ಸ್ವೀಕರಿಸಿದ್ದಾರೆ: ಪಶ್ಚಿಮಕ್ಕೆ ಕಡಲು, ದಕ್ಷಿಣಕ್ಕೆ ಕನ್ಯಾಕುಮಾರಿ, ಪೂರ್ವಕ್ಕೆ ಸಮ್ಮೇದಶಿಖರ, ಉತ್ತರಕ್ಕೆ ಹಿಮಾಲಯ. ಬೆಂಗಳೂರಿನಲ್ಲಿರುವ ಮಗ ಈ ಬಾರಿಯ ಕ್ರಿಸ್‌ಮಸ್ ರಜೆಗೆ ಮಾಲ್ಡೀವ್ಸ್‌ಗೆ ಹೊರಡುವ ಸಿದ್ಧತೆಯಲ್ಲಿದ್ದಾನೆ. ತಂದೆಯನ್ನು ಒಬ್ಬರೇ ಬಿಟ್ಟುಹೋಗಲು ಅವನಿಗೆ ಮನಸ್ಸಿಲ್ಲ. ಆದುದರಿಂದ ಒಂದು ಉಪಾಯವನ್ನು ಸೂಚಿಸುತ್ತಾನೆ: "ಅಪ್ಪಾ, ಹಿಮಾಲಯದ ಕಡೆಗೆ ನೀವು ಇನ್ನು ಹೋಗುವಂತಿಲ್ಲ. ಉತ್ತರದಲ್ಲಿ ಸಾವಿರ ಕಿಲೋಮೀಟರು ಕಡಿಮೆ ಮಾಡಿ, ಅಷ್ಟನ್ನೇ ಕಡಲಿನ ಕಡೆಗೆ ಸೇರಿಸಿಕೊಂಡರೆ ವ್ರತಕ್ಕೆ ಏನು ಕೊರತೆ?"

ಮಗನ ಮಾತಿನಲ್ಲಿ ಪ್ರೀತಿಯಿದೆ, ಲೆಕ್ಕವೂ ಸರಿಯಾಗಿದೆ. ಆದರೆ ಈ ಲೆಕ್ಕವನ್ನು ಶಾಸ್ತ್ರಕಾರರು ಮೊದಲೇ ಬಲ್ಲವರಾಗಿದ್ದರು. ದಿಗ್ವ್ರತದ ಐದು ಅತಿಚಾರಗಳಲ್ಲಿ ಕ್ಷೇತ್ರವೃದ್ಧಿಯೂ ಒಂದು. ಒಂದು ದಿಕ್ಕಿನ ಪರಿಮಾಣವನ್ನು ತಗ್ಗಿಸಿ ಮತ್ತೊಂದು ದಿಕ್ಕಿಗೆ ಕೂಡಿಸುವುದೇ ಕ್ಷೇತ್ರವೃದ್ಧಿಯೆಂದು ವಿವರಿಸುವುದುಂಟು. ಒಟ್ಟು ಮೊತ್ತ ಹೆಚ್ಚದಿದ್ದರೂ ಅದು ದೋಷವೇಕೆ? ವ್ರತವು ನೆಲದ ಅಳತೆಯಲ್ಲ, ಇಚ್ಛೆಯ ಅಳತೆ. ಇಚ್ಛೆಯು ಯಾವ ದಿಕ್ಕಿಗೆ ಬಾಗಿತೋ ಆ ದಿಕ್ಕಿಗೆ ಎಲ್ಲೆಯನ್ನು ಸರಿಸುತ್ತ ಹೋದರೆ ಎಲ್ಲೆಯು ಹೆಸರಿಗಷ್ಟೇ ಉಳಿಯುತ್ತದೆ. ಅದೇ ಸಾಲಿನ ಇನ್ನೊಂದು ಅತಿಚಾರ, ತಾನು ಕಟ್ಟಿಕೊಂಡ ಎಲ್ಲೆಯನ್ನೇ ಮರೆಯುವುದು. ಸರಿಸುವವನಿಗೂ ಮರೆಯುವವನಿಗೂ ಹೆಚ್ಚಿನ ದೂರವಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಗಡಿಗಳಾಗಿ ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನ ಇವುಗಳನ್ನು ಹೇಳಿದೆ. ಮೊದಲನೆಯದೇ ಸಮುದ್ರ. ಎಲ್ಲೆಯ ಹೊರಗಿನ ಪ್ರದೇಶದಲ್ಲಿ ಸೂಕ್ಷ್ಮ ಪಾಪವೂ ನಿಂತುಹೋಗುವುದರಿಂದ, ಅಷ್ಟರ ಮಟ್ಟಿಗೆ ಗೃಹಸ್ಥನ ಅಣುವ್ರತಗಳು ಮಹಾವ್ರತದ ಸ್ವರೂಪವನ್ನು ಪಡೆಯುತ್ತವೆ ಎಂಬುದು ಆಚಾರ್ಯರ ಅಭಿಪ್ರಾಯ. ಸಂಸಾರವನ್ನು ಬಿಡಲಾರದ ಶ್ರಾವಕನೊಬ್ಬನು ಕಡಲಿನ ಆಚೆಗಿರುವ ಸಮಸ್ತ ಜೀವರಾಶಿಗೆ ತನ್ನಿಂದ ಯಾವ ಬಾಧೆಯೂ ಇಲ್ಲವೆಂದು ಅಭಯವನ್ನು ಕೊಡಬಲ್ಲನು. ಹಳ್ಳಿಯ ವೃದ್ಧರು ತ್ಯಜಿಸಿದ್ದು ಒಂದು ಪ್ರವಾಸವನ್ನಲ್ಲ. ಕೊಟ್ಟ ಅಭಯವನ್ನು ಅವರು ಹಿಂದಕ್ಕೆ ಪಡೆಯಲಾರರು.

ಹಾಗಾದರೆ ಅಂತಹ ವ್ರತವನ್ನು ಸ್ವೀಕರಿಸದ ಮಗ ಸೊಸೆಯರು ಸಂಪೂರ್ಣ ಸ್ವತಂತ್ರರೇ? ನಿಜವಾದ ವಿಚಾರ ಆರಂಭವಾಗುವುದು ಇಲ್ಲಿ. ಸಮುದ್ರಯಾನವು ಜೈನರಿಗೆ ಹೊಸತಲ್ಲ. ವರ್ತಕರು ಹಡಗೇರಿ ದ್ವೀಪಾಂತರಗಳಿಗೆ ಹೋಗಿಬಂದ ಕಥೆಗಳು ಪುರಾಣಗಳಲ್ಲಿ ಹೇರಳವಾಗಿವೆ. ಜೀವನೋಪಾಯಕ್ಕಾಗಿ, ವಿದ್ಯೆಗಾಗಿ, ಬಂಧುಗಳಿಗಾಗಿ ದೂರ ಹೋಗುವುದನ್ನು ಯಾರೂ ಆಕ್ಷೇಪಿಸಲಿಲ್ಲ. ಆದರೆ ಸಮಂತಭದ್ರರು ಅನರ್ಥದಂಡದ ಭೇದವಾದ ಪ್ರಮಾದಚರ್ಯೆಯನ್ನು ವಿವರಿಸುವಾಗ, ನೆಲ, ನೀರು, ಬೆಂಕಿ, ಗಾಳಿಗಳನ್ನು ವ್ಯರ್ಥವಾಗಿ ಕೆಣಕುವುದು ಮತ್ತು ವನಸ್ಪತಿಯನ್ನು ಕಡಿಯುವುದರ ಜೊತೆಗೆ, ನಿಷ್ಪ್ರಯೋಜಕವಾಗಿ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಎಣಿಸಿದ್ದಾರೆ. ಆದ್ದರಿಂದ ಪ್ರಯಾಣದ ದೂರಕ್ಕಿಂತ ಅದರ ಪ್ರಯೋಜನವೇ ಮೊದಲು ವಿಚಾರಣೀಯ.

ವಿಶ್ರಾಂತಿಯೂ ಪ್ರಯೋಜನವಲ್ಲವೇ ಎಂದು ಸೊಸೆ ಕೇಳಬಹುದು. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವರ್ಷವಿಡೀ ಮನೆ ಮತ್ತು ಕಚೇರಿ ಎರಡರ ಭಾರವನ್ನೂ ಹೊರುವವಳಿಗೆ ನಾಲ್ಕು ದಿನ ಒಲೆಯ ಮುಂದೆ ನಿಲ್ಲದೆ ಇರುವುದು ಭೋಗವಲ್ಲ, ಅಗತ್ಯ. ದಣಿದ ದೇಹದಲ್ಲಿ ಸಾಮಾಯಿಕವೂ ಸಾಗದು. ಬಿಡುವು ಬೇಕು; ಆದರೆ ಬಿಡುವಿನ ಹೆಸರಿನಲ್ಲಿ ಕೊಳ್ಳುತ್ತಿರುವುದು ಏನೆಂಬುದನ್ನು ತಿಳಿಯಬೇಕು.

ಮಾಲ್ಡೀವ್ಸ್ ಸುಮಾರು 1,200 ಹವಳದ ದ್ವೀಪಗಳ ಸಮೂಹ. ಅವುಗಳಲ್ಲಿ ಜನವಸತಿಯಿರುವುದು ಸುಮಾರು ಇನ್ನೂರರಲ್ಲಿ ಮಾತ್ರ. ನೆಲದ ಬಹುಭಾಗ ಸಮುದ್ರಮಟ್ಟದಿಂದ ಒಂದು ಮೀಟರಿಗಿಂತಲೂ ಕಡಿಮೆ ಎತ್ತರದಲ್ಲಿದೆ. 1972ರಲ್ಲಿ ಅಲ್ಲಿ ಮೊದಲ ರೆಸಾರ್ಟ್ ತೆರೆಯಿತು. ಆಮೇಲೆ ಒಂದು ದ್ವೀಪಕ್ಕೆ ಒಂದು ರೆಸಾರ್ಟ್ ಎಂಬ ಪದ್ಧತಿ ಬೆಳೆಯಿತು. ನದಿಯಿಲ್ಲದ ಆ ನಾಡಿನಲ್ಲಿ ರೆಸಾರ್ಟಿನ ಸಿಹಿನೀರು ಬಹುತೇಕ ಸಮುದ್ರದ ನೀರಿನಿಂದ ಉಪ್ಪನ್ನು ಬೇರ್ಪಡಿಸಿ ಪಡೆದದ್ದು. ಆ ಯಂತ್ರಗಳಿಗೆ ಬೇಕಾದ ಇಂಧನ ಹಡಗಿನಲ್ಲಿ ಬರುತ್ತದೆ. ಅಕ್ಕಿ, ಗೋಧಿ, ತರಕಾರಿ, ಹಣ್ಣುಗಳೂ ಬಹುಪಾಲು ಹೊರಗಿನಿಂದಲೇ ಬರುತ್ತವೆ. 2014ರ ಡಿಸೆಂಬರ್ ಆರಂಭದಲ್ಲಿ ರಾಜಧಾನಿ ಮಾಲೆಯ ನೀರಿನ ಸ್ಥಾವರದಲ್ಲಿ ಬೆಂಕಿ ಬಿದ್ದು ಇಡೀ ನಗರಕ್ಕೆ ಕುಡಿಯುವ ನೀರಿಲ್ಲದಂತಾದಾಗ, ಭಾರತವು ವಿಮಾನಗಳಲ್ಲಿಯೂ ನೌಕೆಗಳಲ್ಲಿಯೂ ನೀರನ್ನು ಕಳುಹಿಸಬೇಕಾಯಿತು. ಅಲ್ಲಿನ ಕಸದ ಕಥೆಯೂ ಹೀಗೆಯೇ. 1990ರ ದಶಕದ ಆರಂಭದಿಂದ ಮಾಲೆಯ ಹತ್ತಿರದ ತಿಲಫುಶಿ ಎಂಬಲ್ಲಿ ಕಸವನ್ನು ಸುರಿಯುತ್ತ ನೆಲವನ್ನು ಬೆಳೆಸಲಾಯಿತು. ಬಹುಕಾಲ ಅದನ್ನು ಬಯಲಿನಲ್ಲಿಯೇ ಸುಡಲಾಗುತ್ತಿತ್ತು. ಪ್ರವಾಸಿಗೆ ತೋರುವ ಬಿಳಿಯ ಮರಳಿನಲ್ಲಿ ಇದಾವುದರ ಗುರುತೂ ಇರುವುದಿಲ್ಲ.

ದೇಶಾವಕಾಶಿಕ ವ್ರತದ ಅತಿಚಾರಗಳಲ್ಲಿ ಆನಯನ ಎಂಬುದೊಂದಿದೆ. ತಾನು ಎಲ್ಲೆಯೊಳಗೆ ಕುಳಿತು, ಎಲ್ಲೆಯ ಹೊರಗಿನ ವಸ್ತುವನ್ನು ಇತರರಿಂದ ತರಿಸಿಕೊಳ್ಳುವುದೇ ಆನಯನ. ಕಾಲು ಗಡಿಯನ್ನು ದಾಟಲಿಲ್ಲ, ಆದರೆ ಆಸೆ ದಾಟಿತು. ರೆಸಾರ್ಟಿನ ದ್ವೀಪವು ಈ ಅತಿಚಾರಕ್ಕೆ ಕಟ್ಟಿಸಿದ ಮನೆಯಂತಿದೆ. ಅತಿಥಿಯು ಚಿಕ್ಕ ನೆಲದಲ್ಲಿ ಶಾಂತನಾಗಿ ಕುಳಿತಿರುತ್ತಾನೆ. ಅವನಿಗಾಗಿ ಹಲವು ದೇಶಗಳ ವಸ್ತುಗಳು ಕಡಲನ್ನು ದಾಟಿ ಬರುತ್ತಿರುತ್ತವೆ. ಸ್ವಭಾವತಃ ದ್ವೀಪವೆಂದರೆ ಪರಿಮಾಣ: ಇಷ್ಟೇ ನೆಲ, ಇಷ್ಟೇ ನೀರು. ಅದನ್ನು ಅಪರಿಮಿತ ಭೋಗದ ಸ್ಥಾನವಾಗಿ ಮಾರುವುದು ಒಂದು ವಿಪರ್ಯಾಸ.

ಅಲ್ಲಿನ ಜೀವರಾಶಿಯ ವಿಚಾರವೂ ಇದೆ. ಪ್ರವಾಳವನ್ನು ಪೃಥ್ವೀಕಾಯದ ಭೇದಗಳಲ್ಲಿ ಎಣಿಸುವುದು ಪರಂಪರೆ. ಹವಳದ ದಿಬ್ಬವನ್ನು ಕಟ್ಟುವುದು ಸೂಕ್ಷ್ಮ ಪ್ರಾಣಿಗಳೆಂದು ಇಂದಿನ ವಿಜ್ಞಾನ ಹೇಳುತ್ತದೆ. ಹೇಗೆ ಎಣಿಸಿದರೂ ಅದು ಜಡವಲ್ಲ. 1998ರಲ್ಲಿಯೂ 2016ರಲ್ಲಿಯೂ ಸಮುದ್ರದ ನೀರು ಅತಿಯಾಗಿ ಕಾದು ಅಲ್ಲಿನ ಹವಳಗಳು ಬಿಳಿಚಿಕೊಂಡವು; ಅಪಾರ ಪ್ರಮಾಣದಲ್ಲಿ ಸತ್ತವು. ಕಡಲನ್ನು ಕಾಯಿಸುವ ಹೊಗೆಯಲ್ಲಿ ವಿಮಾನಗಳ ಪಾಲೂ ಇದೆ. ಸೌಂದರ್ಯವನ್ನು ನೋಡಲು ಹೋಗುವವನ ಪ್ರಯಾಣವೇ ಆ ಸೌಂದರ್ಯದ ಕ್ಷಯಕ್ಕೆ ಕಿಂಚಿತ್ತಾದರೂ ಕಾರಣವಾಗುತ್ತದೆ.

ಕ್ರಿಸ್‌ಮಸ್ ವಾರಕ್ಕೇ ವಿಶಿಷ್ಟವಾದ ಇನ್ನೊಂದು ತೊಡಕುಂಟು. ಹಲವು ರೆಸಾರ್ಟುಗಳಲ್ಲಿ ಕ್ರಿಸ್‌ಮಸ್ ಹಾಗೂ ಹೊಸ ವರ್ಷದ ಮುನ್ನಾರಾತ್ರಿಯ ಔತಣದ ಹಣವನ್ನು ಅತಿಥಿಗಳಿಂದ ಕಡ್ಡಾಯವಾಗಿ ವಸೂಲು ಮಾಡುತ್ತಾರೆ. ಜೈನ ಕುಟುಂಬವು ಸೂರ್ಯಾಸ್ತಕ್ಕೆ ಮೊದಲೇ ಊಟವನ್ನು ಮುಗಿಸಿ ಕೋಣೆಯಲ್ಲಿ ಕುಳಿತಿದ್ದರೂ, ಮದ್ಯಮಾಂಸಗಳ ರಾತ್ರಿಭೋಜನದ ವೆಚ್ಚದಲ್ಲಿ ಅದರ ಪಾಲು ಸೇರಿರುತ್ತದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳನ್ನೂ ಪಾಪಕ್ಕೆ ದ್ವಾರವೆಂದು ತಿಳಿದವರಿಗೆ, ತಾನು ತಿನ್ನಲಿಲ್ಲವೆಂಬ ಸಮಾಧಾನ ಸಾಲದು.

ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕವರ್ಷ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ, ರಚಿಸಿದ ಹರಿವಂಶಪುರಾಣದಲ್ಲಿ ಚಾರುದತ್ತನ ವೃತ್ತಾಂತವಿದೆ. ವ್ಯಸನದಿಂದ ಐಶ್ವರ್ಯವನ್ನು ಕಳೆದುಕೊಂಡ ಆ ವಣಿಕನು ಮತ್ತೆ ಧನವನ್ನು ಗಳಿಸಲು ದೇಶಾಂತರಗಳನ್ನು ಸುತ್ತಿ ರತ್ನದ್ವೀಪಕ್ಕೆ ಹೊರಡುತ್ತಾನೆ. ಆಡುಗಳನ್ನು ಕೊಂದು, ಅವುಗಳ ಚರ್ಮದ ಚೀಲದೊಳಗೆ ಅಡಗಿದರೆ ಭೇರುಂಡ ಪಕ್ಷಿಗಳು ಮಾಂಸವೆಂದು ಭ್ರಮಿಸಿ ಎತ್ತಿಕೊಂಡು ಒಯ್ಯುತ್ತವೆಂದು ಸಂಗಡಿಗನಾದ ರುದ್ರದತ್ತನು ಹೇಳುತ್ತಾನೆ. ಚಾರುದತ್ತನು ತಡೆಯಲೆಳಸಿದನು, ತಡೆಯಲಾರದೆ ಹೋದನು. ಸಾಯುತ್ತಿರುವ ಆಡಿನ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದನು. ಆ ಆಡು ದೇವಗತಿಯನ್ನು ಪಡೆಯಿತು. ಈ ಕಥೆಯಲ್ಲಿ ಚಾರುದತ್ತನ ಕರುಣೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಅವನು ದ್ವೀಪಯಾತ್ರೆ ಮಾಡಿದ್ದು ಅದೇ ಚರ್ಮದ ಚೀಲದಲ್ಲಿ ಎಂಬುದನ್ನು ಪುರಾಣಕಾರರು ಮುಚ್ಚಿಡಲಿಲ್ಲ. ಚಾರುದತ್ತನಿಗೆ ತಾನು ಕುಳಿತ ಚೀಲ ಯಾವುದೆಂದು ಗೊತ್ತಿತ್ತು. ಇಂದಿನ ಯಾತ್ರಿಕನಿಗೆ ಅದು ಗೊತ್ತಾಗದಂತೆ ವ್ಯವಸ್ಥೆ ಮಾಡಲಾಗಿದೆ, ವ್ಯತ್ಯಾಸ ಇಷ್ಟೇ.

ಹಾಗೆಂದು ದ್ವೀಪಕ್ಕೆ ಹೋಗುವುದೇ ಪಾಪವೆಂದು ಯಾವ ಶ್ರಾವಕಾಚಾರವೂ ಹೇಳುವುದಿಲ್ಲ. ಪ್ರವಾಸಿಗರಿಲ್ಲದೆ ಆ ದ್ವೀಪವಾಸಿಗಳ ಬಾಳು ನಡೆಯದೆಂಬುದೂ ಸತ್ಯ. ಶಾಸ್ತ್ರವು ಕೇಳುವುದು ಪರಿಮಾಣವನ್ನು. ಭೋಗೋಪಭೋಗ ಪರಿಮಾಣವ್ರತದಲ್ಲಿ ಸಮಂತಭದ್ರರು ಆಹಾರ, ವಾಹನ, ಶಯನ, ಸ್ನಾನ, ಅಂಗರಾಗ, ವಸ್ತ್ರ, ಆಭರಣ, ಸಂಗೀತ ಮೊದಲಾದವುಗಳಲ್ಲಿ ಒಂದು ದಿನಕ್ಕೋ, ಪಕ್ಷಕ್ಕೋ, ತಿಂಗಳಿಗೋ, ಋತುವಿಗೋ ನಿಯಮವನ್ನು ಮಾಡಿಕೊಳ್ಳಬೇಕೆಂದಿದ್ದಾರೆ. ರಜೆಯ ದಿನಗಳಿಗೆ ಬೇಕಾದ ಪಟ್ಟಿಯೆಲ್ಲವೂ ಅದರಲ್ಲಿದೆ. ಎಷ್ಟು ದಿನ, ಎಷ್ಟು ವೆಚ್ಚ, ಎಷ್ಟು ನೀರು, ಯಾವ ಹೊತ್ತಿನ ಊಟ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಮನೆಯವರೆಲ್ಲ ಕುಳಿತು ನಿಶ್ಚಯಿಸಬೇಕು. ಹೋದ ಮೇಲೆ ಅಲ್ಲ. ಔತಣದ ವಾರವನ್ನು ಬಿಟ್ಟು ಬೇರೆ ವಾರದಲ್ಲಿ ಹೋಗಬಹುದು. ಮಾಲ್ಡೀವ್ಸ್‌ನ ಜನವಸತಿಯ ದ್ವೀಪಗಳಲ್ಲಿ ಮದ್ಯಕ್ಕೆ ಅವಕಾಶವಿಲ್ಲ. ಅಲ್ಲಿ 2010ರ ನಂತರ ಹೆಚ್ಚಿದ ಸಣ್ಣ ಅತಿಥಿಗೃಹಗಳಲ್ಲಿ ತಂಗಿದರೆ, ಕೊಟ್ಟ ಹಣ ಊರವರ ಕೈಗೆ ಹೆಚ್ಚು ನೇರವಾಗಿ ಸೇರುತ್ತದೆ. ಇವು ಸಣ್ಣ ಎಲ್ಲೆಗಳು. ಆದರೆ ಎಲ್ಲೆಯಿರುವ ಭೋಗಕ್ಕೂ ಎಲ್ಲೆಯಿಲ್ಲದ ಭೋಗಕ್ಕೂ ಇರುವ ಅಂತರ ಸಣ್ಣದಲ್ಲ.

ಕ್ರಿಸ್‌ಮಸ್ ಯಾರ ಹಬ್ಬವೋ ಅವರನ್ನೂ ಒಮ್ಮೆ ಗಮನಿಸಬೇಕು. ಮಂಗಳೂರಿನ ಸುತ್ತಿನ ಕ್ರೈಸ್ತ ಕುಟುಂಬಗಳ ಮಕ್ಕಳು ಮುಂಬಯಿಯಿಂದಲೂ ಕೊಲ್ಲಿ ದೇಶಗಳಿಂದಲೂ ಈ ದಿನಗಳಿಗಾಗಿ ಊರಿಗೆ ಬರುತ್ತಾರೆ. ಮನೆಯಲ್ಲಿ ಮಾಡಿದ ಕುಸ್ವಾರ್ ತಿಂಡಿಯನ್ನು ನೆರೆಹೊರೆಗೆ ಹಂಚುತ್ತಾರೆ. ಹಬ್ಬದ ಒಡೆಯರು ಮನೆಗೆ ಮರಳುವ ಹೊತ್ತಿನಲ್ಲಿ, ಅವರ ರಜೆಯನ್ನು ಎರವಲು ಪಡೆದವರು ಮನೆಯಿಂದ ದೂರ ಓಡುತ್ತಾರೆ. ಬಸದಿಗಳ ಆಡಳಿತ ಮಂಡಳಿಗಳೂ ಇಲ್ಲಿ ಆತ್ಮಪರೀಕ್ಷೆ ಮಾಡಿಕೊಳ್ಳಬೇಕಾದುದಿದೆ. ಡಿಸೆಂಬರಿನ ಆ ವಾರ ಊರಿಗೆ ಬರುವ ಕುಟುಂಬಗಳಿಗೆ ಶುಚಿಯಾದ ಕೋಣೆ, ಹೊತ್ತಿಗೆ ಸರಿಯಾದ ಊಟ, ಮಕ್ಕಳಿಗೆ ಎರಡು ಒಳ್ಳೆಯ ಮಾತು ದೊರೆಯುವಂತಿದ್ದರೆ ಸೊಸೆಯ ವಿಶ್ರಾಂತಿ ಕಡಲಿನ ಆಚೆಯೇ ಸಿಗಬೇಕೆಂದೇನೂ ಇಲ್ಲ.

ಜೈನರ ಲೋಕವರ್ಣನೆಯಲ್ಲಿ ದ್ವೀಪಗಳಿಗೆ ಕೊರತೆಯಿಲ್ಲ. ಎಂಟನೆಯದಾದ ನಂದೀಶ್ವರ ದ್ವೀಪದಲ್ಲಿ 52 ಜಿನಾಲಯಗಳಿವೆ. ಮಾನುಷೋತ್ತರ ಪರ್ವತದ ಆಚೆಗೆ ಮನುಷ್ಯರು ಹೋಗಲಾರರಾದ್ದರಿಂದ ಅಲ್ಲಿ ಪೂಜಿಸುವವರು ದೇವತೆಗಳು ಮಾತ್ರ. ಆದರೂ ಕಾರ್ತಿಕ, ಫಾಲ್ಗುಣ, ಆಷಾಢಗಳ ಅಷ್ಟಾಹ್ನಿಕ ಪರ್ವಗಳಲ್ಲಿ ಶ್ರಾವಕರು ತಮ್ಮ ಊರಿನ ಬಸದಿಯಲ್ಲಿಯೇ ಎಂಟು ದಿನ ಆ ದ್ವೀಪವನ್ನು ಭಾವದಿಂದ ವಂದಿಸುತ್ತಾರೆ. ಕಾಲಿಗೆ ನಿಲುಕದ ಸ್ಥಳವೊಂದು ಇದೆಯೆಂಬ ಅರಿವು ಅವರನ್ನು ಬಡವರನ್ನಾಗಿ ಮಾಡಲಿಲ್ಲ.

ಆ ಊಹೆಯ ಮನೆಯಲ್ಲಿ ಒಬ್ಬಳು ಮೊಮ್ಮಗಳೂ ಇರುವಳೆಂದು ಭಾವಿಸಬಹುದು. ಸಂಜೆ ಕಡಲ ದಂಡೆಯಲ್ಲಿ ನಿಂತು ಅವಳು ಕೇಳುತ್ತಾಳೆ: "ಅಜ್ಜಾ, ಆಚೆ ಏನಿದೆ ಅಂತ ನೋಡಬೇಕು ಅನಿಸುವುದಿಲ್ಲವಾ ನಿಮಗೆ?" ಅಜ್ಜ ಹೇಳುತ್ತಾರೆ: "ಅನಿಸುತ್ತದೆ ಮಗಾ. ಅನಿಸದಿದ್ದರೆ ವ್ರತ ಯಾಕೆ ಬೇಕಿತ್ತು?" ಮಗ ಹೋಗಲಿ, ಬಿಡಲಿ, ಈ ಮಾತನ್ನು ಕೇಳಿದ ಮೇಲೆ ಅವನು ಟಿಕೆಟನ್ನು ನೋಡುವ ದೃಷ್ಟಿ ಬೇರೆಯಾದರೆ ವೃದ್ಧರ ವ್ರತವು ಅವರೊಬ್ಬರದಾಗಿ ಉಳಿಯದೆ ಮನೆಯ ಸೊತ್ತಾಗುತ್ತದೆ.